ಮೈದಾನದ ನಡುವಿನ ಹಳೆಯಾಳು

ನಮ್ಮ ಸುಬ್ರಹ್ಮಣ್ಯಪುರದಲ್ಲಿ ಮನೆಗಳ ಸಾಲು ಬೆಳೆದಂತೆಲ್ಲ ಬಯಲುಗಳು ಕಿರಿದಾಗುತ್ತ ಬಂದಿವೆ. ಆದರೂ ಅಲ್ಲಲ್ಲಿ ಉಳಿದ ಒಂದೆರಡು ಬಯಲುಗಳಲ್ಲಿ ಭಾನುವಾರ ಬೆಳಿಗ್ಗೆ ಹುಡುಗರು ಕಾಲ್ಚೆಂಡಾಟ ಆಡುವುದುಂಟು. ವಾಯುಸೇವನೆಗೆಂದು ಹೊರಟವನು ಅಲ್ಲಿ ತುಸು ಹೊತ್ತು ನಿಂತು ನೋಡುವುದು ನನ್ನ ವಾಡಿಕೆ. ಕಳೆದ ಬಾರಿ ನಿಂತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದು ತಂಡದ ನಡುವೆ ನಲವತ್ತರ ಅಂಚಿಗೆ ಬಂದ ಒಬ್ಬಾತ ಆಡುತ್ತಿದ್ದ. ಉಳಿದವರೆಲ್ಲ ಇಪ್ಪತ್ತರ ಹುಡುಗರು. ಈತ ಓಡುತ್ತಿದ್ದುದು ಕಡಿಮೆ. ಚೆಂಡು ಕಾಲಿಗೆ ಬಂದರೆ ಮುಂದಕ್ಕೆ ನುಗ್ಗದೆ, ಪಕ್ಕದವನಿಗೋ ಹಿಂದಿನವನಿಗೋ ತಳ್ಳಿ ಸುಮ್ಮನಾಗುತ್ತಿದ್ದ. ಬಯಲಿನ ಅಂಚಿನಲ್ಲಿ ನಿಂತವರು "ಸಾಕು ಅಂಕಲ್, ಮನೆಗೆ ನಡೆಯಿರಿ" ಎಂದು ಕೂಗಿ ನಗುತ್ತಿದ್ದರು. ತಂಡವನ್ನು ನೋಡಿಕೊಳ್ಳುತ್ತಿದ್ದಾತ ಮಾತ್ರ ಆ ಕೂಗಿಗೆ ಕಿವಿಗೊಡಲಿಲ್ಲ. ಒಬ್ಬರಾದ ಮೇಲೊಬ್ಬರಂತೆ ಮೂವರು ಹುಡುಗರನ್ನು ಬದಲಾಯಿಸಿದ. ಈ ಹಳೆಯಾಳನ್ನು ಕೊನೆಯ ಸೀಟಿಯವರೆಗೂ ಕದಲಿಸಲಿಲ್ಲ.

ಆ ಕೂಗು ಕೇಳಿದಾಗ ನನಗೆ ಹಳೆಯದೊಂದು ತಪ್ಪು ನೆನಪಿಗೆ ಬಂತು. ಬಹಳ ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಡ್ರಿಲ್ ಮೇಷ್ಟರಿಗೆ ಜ್ವರ ಬಂದು, ಅಂತರಶಾಲಾ ಪಂದ್ಯಕ್ಕೆ ಹುಡುಗರನ್ನು ಕರೆದೊಯ್ಯುವ ಹೊಣೆ ನನ್ನ ತಲೆಗೆ ಬಂತು. ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಪಂಡಿತನಿಗೆ ಕಾಲ್ಚೆಂಡಾಟದ ಮರ್ಮ ಎಷ್ಟು ತಿಳಿದೀತು? ಒಂದು ವರ್ಷ ನಪಾಸಾಗಿ ಉಳಿದವರಿಗಿಂತ ವಯಸ್ಸಿನಲ್ಲಿ ಹಿರಿಯನಾದ ಹುಡುಗನೊಬ್ಬ ನಡುವೆ ಆಡುತ್ತಿದ್ದ. ಅವನ ಆಟ ನಿಧಾನ. ನಮ್ಮ ಶಾಲೆಯ ಮಕ್ಕಳೇ "ಅವನನ್ನು ತೆಗೆಯಿರಿ ಸಾರ್" ಎಂದು ಕೂಗತೊಡಗಿದರು. ವಿರಾಮದ ವೇಳೆಗೆ ನಾವು ಒಂದು ಗೋಲಿನಿಂದ ಮುಂದಿದ್ದೆವು. ಇನ್ನೂ ಎರಡು ಗೋಲು ಬರಲೆಂಬ ಆಸೆಯಿಂದ ಅವನನ್ನು ಕೂರಿಸಿ, ಜಿಂಕೆಯಂತೆ ಓಡುವ ಒಬ್ಬ ಚಿಕ್ಕ ಹುಡುಗನನ್ನು ಇಳಿಸಿದೆ. ಪಂದ್ಯ ಮುಗಿದಾಗ ಎದುರಾಳಿಗಳು ಮೂರು ಗೋಲು ಹೊಡೆದಿದ್ದರು; ನಮ್ಮದು ಒಂದೇ ಆಗಿ ಉಳಿದಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗ ಮೆಲ್ಲಗೆ ಕೇಳಿದ: "ನಾನೇನು ತಪ್ಪು ಮಾಡಿದೆ ಸಾರ್?" ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹುಡುಕಿದ್ದರ ಫಲ ಈ ಲೇಖನ.

ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳೋಣ. ಜಗತ್ತಿನ ದೊಡ್ಡ ದೊಡ್ಡ ಕ್ಲಬ್ಬುಗಳಲ್ಲಿ ಕೂಡ, ಪ್ರೇಕ್ಷಕರು ಬೇಸರದಿಂದ ಹಳಿಯುವ ನಡುಪಂಕ್ತಿಯ ಹಳಬನೊಬ್ಬನಿರುತ್ತಾನೆ. ವಾರವಾರವೂ ತರಬೇತುಗಾರ ಬರೆಯುವ ಹನ್ನೊಂದು ಹೆಸರುಗಳಲ್ಲಿ ಅವನ ಹೆಸರು ಇದ್ದೇ ಇರುತ್ತದೆ. ದುಡ್ಡು ಕೊಟ್ಟು ನೋಡುವ ಸಾವಿರಾರು ಜನರಿಗೆ ಕಾಣದ ಗುಣ ಒಬ್ಬ ತರಬೇತುಗಾರನಿಗೆ ಕಾಣುವುದು ಹೇಗೆ?

ಮೊದಲು ಈ ನಡುಪಂಕ್ತಿ ಎಂದರೇನೆಂಬುದನ್ನು ತಿಳಿಯಬೇಕು. ಹಿಂದಿನ ಕಾಲದ ಕಾಲ್ಚೆಂಡಾಟದಲ್ಲಿ ಗೋಲುಕಾವಲಿನವನನ್ನು ಬಿಟ್ಟರೆ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುತ್ತಿದ್ದರು. ನಡುವಿನ ಮೂವರಿಗೆ ಹಾಫ್ ಬ್ಯಾಕ್ ಎಂದು ಹೆಸರು. ಕಾಲ ಬದಲಾದಂತೆ ವ್ಯೂಹವೂ ಬದಲಾಯಿತು. ಅವರನ್ನು ಈಗ ಮಿಡ್‌ಫೀಲ್ಡರ್ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ. ಹಿಂದಿನವರು ಎದುರಾಳಿಯಿಂದ ಗೆದ್ದ ಚೆಂಡನ್ನು ಮುಂದಿನವರಿಗೆ ಮುಟ್ಟಿಸುವುದು. ಮುಂದಿನವರು ಚೆಂಡು ಕಳೆದುಕೊಂಡಾಗ ಎದುರಾಳಿ ನೇರವಾಗಿ ಗೋಲಿನತ್ತ ನುಗ್ಗದಂತೆ ಅಡ್ಡ ನಿಲ್ಲುವುದು.

ಇನ್ನು ಒಂದು ಸಣ್ಣ ಲೆಕ್ಕ. ಆಟದ ಅವಧಿ 90 ನಿಮಿಷ. ಚೆಂಡು ಗೆರೆ ದಾಟಿದ ಹೊತ್ತು, ಸೀಟಿ ಊದಿ ನಿಲ್ಲಿಸಿದ ಹೊತ್ತು, ಗಾಯಗೊಂಡವನನ್ನು ಎತ್ತುವ ಹೊತ್ತು ಇವುಗಳನ್ನೆಲ್ಲ ಕಳೆದರೆ ಚೆಂಡು ನಿಜವಾಗಿ ಉರುಳುವುದು ಸುಮಾರು ಒಂದು ಗಂಟೆ. ಅದನ್ನು 22 ಆಟಗಾರರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬನ ಪಾಲಿಗೆ ಮೂರು ನಿಮಿಷವೂ ಬೀಳುವುದಿಲ್ಲ. ಹಾಗಾದರೆ ಉಳಿದ 87 ನಿಮಿಷ ಆತ ಏನು ಮಾಡುತ್ತಾನೆ? ಪ್ರೇಕ್ಷಕರ ಕಣ್ಣು ಚೆಂಡಿನ ಬೆನ್ನು ಹತ್ತಿ ಹೋಗುತ್ತದೆ. ಆದುದರಿಂದ ಅವರಿಗೆ ಕಾಣುವುದು ಆ ಮೂರು ನಿಮಿಷ ಮಾತ್ರ. ತರಬೇತುಗಾರ ನೋಡುವುದು ಉಳಿದ 87 ನಿಮಿಷವನ್ನು. ಇಬ್ಬರ ಅಭಿಪ್ರಾಯ ಭೇದಕ್ಕೆ ಮೂಲ ಇಲ್ಲಿಯೇ ಇದೆ.

ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೇಳಿ ಬಲ್ಲವರಿಗೆ ಇದು ಇನ್ನೂ ಚೆನ್ನಾಗಿ ತಿಳಿದೀತು. ವಿವರಣೆಕಾರ ಚೆಂಡು ಯಾರ ಕಾಲಿನಲ್ಲಿದೆಯೋ ಅವನ ಹೆಸರು ಹೇಳುತ್ತಾನೆ. ಬೇರೆ ದಾರಿ ಇಲ್ಲ. ಚೆಂಡು ಬರಬಹುದಾದ ಜಾಗಕ್ಕೆ ಮುಂಚೆಯೇ ಹೋಗಿ ನಿಂತು, ಎದುರಾಳಿ ಆ ಕಡೆ ಕಳುಹಿಸುವ ಯೋಚನೆಯನ್ನೇ ಬಿಡುವಂತೆ ಮಾಡಿದವನ ಹೆಸರು ವಿವರಣೆಯಲ್ಲಿ ಬರುವುದು ಹೇಗೆ? ನಡೆದುದನ್ನು ಹೇಳಬಹುದು, ನಡೆಯದಂತೆ ತಡೆದುದನ್ನು ಹೇಳುವುದು ಕಷ್ಟ.

ಇಷ್ಟಾದರೆ ಜನ ಅವನನ್ನು ಮರೆತು ಸುಮ್ಮನಿರಬೇಕಿತ್ತು; ಹಳಿಯುವುದೇಕೆ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಅವನ ಒಳಿತು ಮರೆಯಲ್ಲಿದ್ದರೂ ತಪ್ಪು ಮಾತ್ರ ಬಯಲಿನಲ್ಲಿರುತ್ತದೆ. ಮುಂದಿನ ಸಾಲಿನವನು ಹತ್ತು ಬಾರಿ ಚೆಂಡು ಕಳೆದುಕೊಂಡು ಒಮ್ಮೆ ಗೋಲು ಹೊಡೆದರೆ ವೀರನೆನಿಸುತ್ತಾನೆ. ನಡುವಿನವನು ಐವತ್ತು ಬಾರಿ ಸರಿಯಾಗಿ ಕೊಟ್ಟು ಒಮ್ಮೆ ತಪ್ಪಿದರೆ, ಅವನ ಬೆನ್ನ ಹಿಂದೆ ತೆರೆದ ದಾರಿಯಲ್ಲಿ ಗೋಲು ಬೀಳುತ್ತದೆ. ಎರಡನೆಯದು, ಹಿಂದಕ್ಕೂ ಪಕ್ಕಕ್ಕೂ ಕೊಟ್ಟ ಚೆಂಡು ನೋಡುವವರಿಗೆ ಹೇಡಿತನದಂತೆ ಕಾಣುತ್ತದೆ. ಮುನ್ನುಗ್ಗುವುದು ಪೌರುಷ, ಕಾಯುವುದು ಸೋಮಾರಿತನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೂರನೆಯದು, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ. ಏಳೆಂಟು ವರ್ಷ ಕಂಡ ಮುಖದಲ್ಲಿ ಹೊಸ ಆಸೆ ಹುಟ್ಟುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತ ಹೊಸಬನ ಶಕ್ತಿಯನ್ನು ಯಾರೂ ಕಂಡಿಲ್ಲ. ಆದುದರಿಂದಲೇ ಅದು ಅಪಾರವಾಗಿ ತೋರುತ್ತದೆ. ತಂಡ ಸೋತಾಗ ಹಳಬನೇ ಸೋಲಿನ ಗುರುತಾಗಿಬಿಡುತ್ತಾನೆ.

ನಮ್ಮೂರಿನ ಕ್ರಿಕೆಟ್ ಪ್ರೇಮಿಗಳು ಇಲ್ಲಿ ರಾಹುಲ್ ದ್ರಾವಿಡರನ್ನು ನೆನೆಯಬಹುದು. ಆದರೆ ಒಂದು ವ್ಯತ್ಯಾಸವುಂಟು. ಎಷ್ಟೇ ನಿಧಾನವಾಗಿ ಆಡಿದರೂ ದ್ರಾವಿಡರ ಓಟಗಳನ್ನು ಫಲಕದ ಮೇಲೆ ಬರೆಯುತ್ತಿದ್ದರು. 2003ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಅವರು ಗಳಿಸಿದ 233 ಮತ್ತು ಔಟಾಗದೆ 72 ಎಂದಿಗೂ ಅಳಿಸುವ ಅಂಕಿಗಳಲ್ಲ. ಕಾಲ್ಚೆಂಡಾಟದ ಫಲಕದಲ್ಲಿ ಗೋಲಿಗೆ ಮಾತ್ರ ಸ್ಥಳ. ನಡುವಿನವನ ತಾಳ್ಮೆಗೆ ಅಲ್ಲಿ ಅಂಕಣವಿಲ್ಲ.

ಈಗ ತರಬೇತುಗಾರನ ಕಣ್ಣಿನಿಂದ ನೋಡೋಣ. ಆತನಿಗೆ ಹಳಬನಲ್ಲಿ ಬೇಕಾದುದು ಏನು? ಮೊದಲನೆಯದಾಗಿ, ನಿಲ್ಲುವ ಜಾಗದ ಅರಿವು. ಯುವಕ ತಪ್ಪು ಜಾಗದಲ್ಲಿ ನಿಂತು, ಓಡಿ ಸರಿಪಡಿಸುತ್ತಾನೆ; ಓಟ ಚೆನ್ನಾಗಿ ಕಾಣುತ್ತದೆ, ಚಪ್ಪಾಳೆ ಬೀಳುತ್ತದೆ. ಹಳಬ ಸರಿಯಾದ ಜಾಗದಲ್ಲಿ ಮೊದಲೇ ನಿಂತಿರುತ್ತಾನೆ. ಓಡಬೇಕಾದ ಅಗತ್ಯವೇ ಬೀಳುವುದಿಲ್ಲ. ಎರಡನೆಯದಾಗಿ, ಲಯ. ಹಿಂದಕ್ಕೆ ಕೊಟ್ಟ ಚೆಂಡು ಎಲ್ಲ ವೇಳೆಯಲ್ಲೂ ಹೇಡಿತನವಲ್ಲ. ತನ್ನವರು ದಣಿದಿದ್ದಾಗ ಉಸಿರು ತೆಗೆದುಕೊಳ್ಳಲು ಅವಕಾಶ ಕೊಡುವುದು, ಎದುರಾಳಿಗಳು ಚೆಂಡಿನ ಆಸೆಗೆ ಮುಂದೆ ಬಂದು ತಮ್ಮ ಹಿಂದೆ ಜಾಗ ಬಿಡುವಂತೆ ಮಾಡುವುದು, ಇವೆಲ್ಲ ಅದರಲ್ಲಿ ಅಡಗಿವೆ. ಮೂರನೆಯದಾಗಿ, ಮಾತು. ಆಟ ನಡೆಯುವಾಗ ತರಬೇತುಗಾರ ಗೆರೆಯಾಚೆ ನಿಂತವನು. ಪ್ರೇಕ್ಷಕರ ಗದ್ದಲದಲ್ಲಿ ಅವನ ಕೂಗು ಕೇಳಿಸುವುದಿಲ್ಲ. ಒಳಗಿದ್ದು ಅವನ ಮಾತನ್ನು ಹೇಳುವವನೊಬ್ಬ ಬೇಕು. "ನೀನು ಎಡಕ್ಕೆ ಸರಿ, ನೀನು ಅವನನ್ನು ಬಿಡಬೇಡ, ಈಗ ಅವಸರ ಬೇಡ" ಎಂದು ಹತ್ತು ಜನರನ್ನು ಅವರವರ ಜಾಗದಲ್ಲಿ ಇಡುವವನು ಇವನೇ.

ನಾಲ್ಕನೆಯದೊಂದುಂಟು, ಅದೇ ಮುಖ್ಯವೆಂದು ನನ್ನ ಎಣಿಕೆ. ಪ್ರೇಕ್ಷಕರು ಆಟಗಾರನನ್ನು ಅವನ ಅತ್ಯುತ್ತಮ ದಿನದಿಂದ ಅಳೆಯುತ್ತಾರೆ. ತರಬೇತುಗಾರ ಅವನ ಅತಿ ಕೆಟ್ಟ ದಿನದಿಂದ ಅಳೆಯುತ್ತಾನೆ. ಯುವಕನ ಒಳ್ಳೆಯ ದಿನ ಹಳಬನ ಒಳ್ಳೆಯ ದಿನಕ್ಕಿಂತ ಬಹಳ ಮೇಲು. ಆದರೆ ಯುವಕನ ಕೆಟ್ಟ ದಿನ ತಂಡವನ್ನೇ ಮುಳುಗಿಸುತ್ತದೆ. ಹಳಬನ ಕೆಟ್ಟ ದಿನ ಬರೀ ಬೇಸರ ತರುತ್ತದೆ. ಮುಂದಿನ ಸಾಲಿನಲ್ಲಿ ಈ ಅಪಾಯವನ್ನು ಹೊರಬಹುದು. ನಡುವಿನಲ್ಲಿ ಹೊರಲಾಗದು.

ನಾನು ಬಲ್ಲ ವಿಷಯದಿಂದ ಒಂದು ಉಪಮಾನ ಕೊಡುತ್ತೇನೆ. ರಾಮ, ರಾವಣ, ಬಾಣ ಎಂಬ ಮೂರು ಪದಗಳನ್ನು ಸಾಲಾಗಿ ಇಟ್ಟು ಕೊನೆಗೆ 'ಕೊಂದನು' ಎಂದರೆ ಯಾರು ಯಾರನ್ನು ಕೊಂದರೆಂಬುದು ತಿಳಿಯುವುದಿಲ್ಲ. "ರಾಮನು ರಾವಣನನ್ನು ಬಾಣದಿಂದ ಕೊಂದನು" ಎಂದಾಗ ಮಾತ್ರ ವಾಕ್ಯ. 'ಉ', 'ಅನ್ನು', 'ಇಂದ' ಎಂಬ ಈ ವಿಭಕ್ತಿ ಪ್ರತ್ಯಯಗಳಿಗೆ ತಮ್ಮಷ್ಟಕ್ಕೆ ತಾವು ಅರ್ಥವಿಲ್ಲ. ಯಾವ ಕವಿಯನ್ನೂ ಪ್ರತ್ಯಯಕ್ಕಾಗಿ ಯಾರೂ ಹೊಗಳಿಲ್ಲ. ಆದರೂ ಅವನ್ನು ತೆಗೆದರೆ ಎಂಥ ದೊಡ್ಡ ಪದಗಳೂ ಒಂದರ ಪಕ್ಕ ಒಂದು ಮೂಕವಾಗಿ ನಿಲ್ಲುತ್ತವೆ.

ಇನ್ನು ನಿಜವಾಗಿ ನಡೆದ ನಿದರ್ಶನಗಳು. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲಿ ಸ್ವಿಟ್ಜರ್ಲೆಂಡಿನ ಗ್ರಾನಿಟ್ ಜಾಕಾ ಎಂಬ ನಡುಪಂಕ್ತಿಯ ಆಟಗಾರ 2019ರಲ್ಲಿ ನಾಯಕನಾಗಿದ್ದ. ಆ ವರ್ಷದ ಅಕ್ಟೋಬರ್ 27ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಆಡುತ್ತಿದ್ದಾಗ ಅವನನ್ನು ಹೊರಗೆ ಕರೆದರು. ಅವನ ತಂಡದ ಅಭಿಮಾನಿಗಳೇ ಅವನು ಹೊರಟುದಕ್ಕೆ ಸಂತೋಷದ ಕೂಗು ಹಾಕಿದರು, ಮೂದಲಿಸಿದರು. ಸಿಟ್ಟಿಗೆದ್ದ ಅವನು ಕಿವಿಗೆ ಕೈಯಿಟ್ಟು ಅಣಕಿಸಿ, ಅಂಗಿ ಕಿತ್ತೆಸೆದು ಒಳಗೆ ನಡೆದ. ನಾಯಕತ್ವ ಹೋಯಿತು. ಕ್ಲಬ್ಬನ್ನೇ ಬಿಡಲು ಆತ ಸಿದ್ಧನಾಗಿದ್ದ. ಡಿಸೆಂಬರಿನಲ್ಲಿ ತರಬೇತುಗಾರನಾಗಿ ಬಂದ ಮಿಕೆಲ್ ಆರ್ಟೆಟಾ, ತಾನೂ ಹಿಂದೆ ಅದೇ ತಂಡದ ನಡುವೆ ಆಡಿದವನು, ಉಳಿಯುವಂತೆ ಅವನ ಮನವೊಲಿಸಿದ. ಮೂರೂವರೆ ವರ್ಷದ ಮೇಲೆ, 2023ರ ಮೇ 28ರಂದು ತವರಿನ ಕೊನೆಯ ಪಂದ್ಯದಲ್ಲಿ ಜಾಕಾ ಎರಡು ಗೋಲು ಹೊಡೆದ. ಮೂದಲಿಸಿದ್ದ ಜನವೇ ಅವನು ಹೋಗುತ್ತಾನೆಂದು ಮರುಗಿತು. ಅಲ್ಲಿಂದ ಜರ್ಮನಿಯ ಬಾಯರ್ ಲೆವರ್‌ಕುಸೆನ್‌ಗೆ ಹೋದ. ಆ ಕ್ಲಬ್ಬು 2023-24ರಲ್ಲಿ 34 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೊಟ್ಟಮೊದಲ ಬಾರಿಗೆ ಜರ್ಮನಿಯ ಲೀಗ್ ಗೆದ್ದಿತು. ಜರ್ಮನ್ ಕಪ್ಪಿನ ಅಂತಿಮ ಪಂದ್ಯದ ಏಕೈಕ ಗೋಲು ಕೂಡ ಜಾಕಾನದೇ.

ಜನರು ಮಾತ್ರವಲ್ಲ, ಕ್ಲಬ್ಬಿನ ಯಜಮಾನರೂ ಹೀಗೆ ಎಡವುವುದುಂಟು. ಸ್ಪೇನಿನ ರಿಯಲ್ ಮ್ಯಾಡ್ರಿಡ್ 2003ರಲ್ಲಿ ಕ್ಲೋಡ್ ಮೆಕೆಲೆಲೆ ಎಂಬ ಮೂವತ್ತರ ಆಟಗಾರನನ್ನು ಇಂಗ್ಲೆಂಡಿನ ಚೆಲ್ಸಿಗೆ ಮಾರಿತು. ಅದೇ ಬೇಸಿಗೆಯಲ್ಲಿ ಜಗತ್ಪ್ರಸಿದ್ಧನಾದ ಡೇವಿಡ್ ಬೆಕಮ್ ಅಲ್ಲಿಗೆ ಬಂದ. ಮ್ಯಾಡ್ರಿಡ್‌ನಲ್ಲಿ ತಾರೆಗಳಿಗೆ ಕೊರತೆಯಿರಲಿಲ್ಲ. ಆದರೂ ಮುಂದಿನ ಮೂರು ವರ್ಷ ಅವರಿಗೆ ಸ್ಪೇನಿನ ಲೀಗ್ ದಕ್ಕಲಿಲ್ಲ. ಚೆಲ್ಸಿ 2004-05ರ 38 ಲೀಗ್ ಪಂದ್ಯಗಳಲ್ಲಿ ಬರೀ 15 ಗೋಲುಗಳನ್ನು ಬಿಟ್ಟುಕೊಟ್ಟು ಇಂಗ್ಲೆಂಡಿನ ಲೀಗ್ ಗೆದ್ದಿತು, ಮರುವರ್ಷವೂ ಗೆದ್ದಿತು. ಎಲ್ಲವೂ ಒಬ್ಬನಿಂದಲೇ ಆಯಿತೆನ್ನುವುದು ಅತಿಶಯೋಕ್ತಿ. ಆದರೆ ಅವನ ಬೆಲೆ ತಿಳಿಯಲು ಅವನು ಹೋಗಬೇಕಾಯಿತು ಎಂಬುದು ಸತ್ಯ.

ಫ್ರಾನ್ಸಿನ ದಿದಿಯೆ ದೆಶಾಂಪ್‌ನನ್ನು 1996ರಲ್ಲಿ ಅವನ ದೇಶದವನೇ ಆದ ಪ್ರಖ್ಯಾತ ಆಟಗಾರ ಎರಿಕ್ ಕಾಂಟೊನಾ ನೀರು ಹೊರುವವನೆಂದು ಹೀಯಾಳಿಸಿದ. ಎರಡು ವರ್ಷದ ಮೇಲೆ ವಿಶ್ವಕಪ್ಪನ್ನು ಎತ್ತಿಹಿಡಿದ ಫ್ರೆಂಚ್ ನಾಯಕ ಆ ದೆಶಾಂಪ್. 2018ರಲ್ಲಿ ವಿಶ್ವಕಪ್ ಗೆದ್ದ ಫ್ರೆಂಚ್ ತಂಡದ ತರಬೇತುಗಾರನೂ ಅವನೇ. ನಮ್ಮ ಮದುವೆಮನೆಗಳನ್ನು ಬಲ್ಲವರಿಗೆ ಈ ಹೆಸರು ಬೈಗುಳವಾಗಿ ಕಾಣಬೇಕಾಗಿಲ್ಲ. ಹೋಳಿಗೆ ಬಡಿಸಿದವನನ್ನು ಎಲ್ಲರೂ ನೆನೆಯುತ್ತಾರೆ. ನೀರು ತಂದವನು ಬಾರದಿದ್ದರೆ ಪಂಕ್ತಿಯೇ ಏಳುವುದಿಲ್ಲ.

ದೂರದ ದೇಶಗಳವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರು ಕಾಲ್ಚೆಂಡಾಟದ ಹಳೆಯ ಮನೆ. ದಂಡಿನ ಪ್ರದೇಶದಲ್ಲಿ, ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಮುಂತಾದ ಕಡೆಗಳಲ್ಲಿ ಮನೆಮನೆಯಲ್ಲೂ ಆಟಗಾರರಿದ್ದರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಮುಂದೆ ನಮ್ಮ ಊರಿನ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ ಅಲ್ಲಿನ ಪ್ರಸಿದ್ಧ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಈ ಪಾಂಡವರು ಐವರೂ ಮುಂದಿನ ಸಾಲಿನವರೇ. ಅವರ ಹಿಂದೆ ನಿಂತು ಅವರಿಗೆ ಚೆಂಡು ಒದಗಿಸಿದ ಹಾಫ್ ಬ್ಯಾಕ್‌ಗಳಿಗೆ ಪುರಾಣದಿಂದ ಯಾರೂ ಹೆಸರು ಆರಿಸಲಿಲ್ಲ.

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದ ಕಥೆ ಹಲವರಿಗೆ ಗೊತ್ತು. ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಅವರ ಹೆಸರು ಇಂದಿಗೂ ಬಾಯಲ್ಲಿದೆ. ಅದೇ ತಂಡದಲ್ಲಿ ಬೆಂಗಳೂರಿನ ಹಾಫ್ ಬ್ಯಾಕ್ ಕೆಂಪಯ್ಯನವರಿದ್ದರು ಎಂಬುದು ಬೆಂಗಳೂರಿನಲ್ಲೇ ಎಷ್ಟು ಜನರಿಗೆ ಗೊತ್ತು? ತರಬೇತುಗಾರ ಸೈಯದ್ ಅಬ್ದುಲ್ ರಹೀಮರಿಗೆ ಗೊತ್ತಿತ್ತು. ನಾಲ್ಕು ವರ್ಷದ ಮೇಲೆ, 1960ರ ರೋಮ್ ಒಲಿಂಪಿಕ್ಸಿಗೆ ರಹೀಮರು ಕರೆದೊಯ್ದ ತಂಡದಲ್ಲೂ ಕೆಂಪಯ್ಯನವರ ಹೆಸರಿತ್ತು. ಹೈದರಾಬಾದಿನ ರಹೀಮರು ತರಬೇತುಗಾರರಾಗುವ ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರೆಂಬುದನ್ನು ನೆನೆದಾಗ ನನ್ನಂಥವನಿಗೆ ಒಂದು ಬಗೆಯ ಸಂತೋಷ, ಒಂದು ಬಗೆಯ ನಾಚಿಕೆ ಎರಡೂ ಆಗುತ್ತವೆ. ತರಗತಿಯಲ್ಲಿ ಕೈಯೆತ್ತುವವನನ್ನು ಮಾತ್ರವಲ್ಲದೆ ಸುಮ್ಮನೆ ಕುಳಿತವನನ್ನೂ ಗಮನಿಸುವುದು ಉಪಾಧ್ಯಾಯನ ಧರ್ಮವಲ್ಲವೆ?

ಈಚಿನ ಕಾಲದ ಒಂದು ನಿದರ್ಶನ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ. ಬೆಂಗಳೂರು ಎಫ್‌ಸಿಗೆ ಎದುರಾಳಿ ಗೋವಾ. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಕೊನೆಗೆ, 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಕಪ್ ತಂದಿತು. ಮೂಲೆಯಿಂದ ಆ ಚೆಂಡನ್ನು ಕಳುಹಿಸಿದವನು 36 ವರ್ಷದ ಸ್ಪೇನಿನ ನಡುಪಂಕ್ತಿಯ ಆಟಗಾರ ದಿಮಾಸ್ ದೆಲ್ಗಾಡೊ. ಬೆಂಗಳೂರಿನ ಜನ ಅವನನ್ನು ಹಳಿದರೆಂದು ನಾನು ಹೇಳುತ್ತಿಲ್ಲ. ಆದರೆ ಪಂದ್ಯದ ಮಾತು ಬಂದಾಗ ಮೊದಲು ಬರುವುದು ಭೇಕೆಯ ತಲೆ. ದೆಲ್ಗಾಡೊನ ಕಾಲು ಆಮೇಲೆ. ಎಳೆಯರ ಕಾಲುಗಳೂ ಸೋಲುವ ಆ ಹೊತ್ತಿನಲ್ಲಿ ತರಬೇತುಗಾರ ಕಾರ್ಲೆಸ್ ಕ್ವಾದ್ರಾತ್ ಆ ವಯಸ್ಸಿನವನನ್ನು ಮೈದಾನದಲ್ಲೇ ಉಳಿಸಿಕೊಂಡಿದ್ದುದನ್ನು ಗಮನಿಸಬೇಕು.

ಹಾಗೆಂದು ಪ್ರೇಕ್ಷಕರ ಮಾತೆಲ್ಲ ಸುಳ್ಳು, ತರಬೇತುಗಾರನ ಮಾತೆಲ್ಲ ವೇದ ಎಂದು ತಿಳಿಯಬಾರದು. ವಯಸ್ಸು ಯಾರನ್ನೂ ಬಿಟ್ಟಿಲ್ಲ. ಬುದ್ಧಿ ಎಷ್ಟು ಮುಂಚೆ ಅರಿತರೂ, ಕಾಲು ಅಲ್ಲಿಗೆ ಮುಟ್ಟದ ದಿನ ಬರುತ್ತದೆ. ತರಬೇತುಗಾರನೂ ಮನುಷ್ಯ, ಪರಿಚಯದ ಮೋಹದಿಂದಲೋ ಹೊಸಬನ ಭಯದಿಂದಲೋ ಹಳಬನಿಗೆ ಅಂಟಿಕೊಳ್ಳುವುದುಂಟು. ಹಳಬನಿರುವ ಜಾಗದಲ್ಲಿ ಎಳೆಯನೊಬ್ಬ ಕಲಿಯದೇ ಉಳಿದರೆ ನಾಳೆಯ ತಂಡ ಬಡವಾಗುತ್ತದೆ. ಆದುದರಿಂದ ಬಲ್ಲ ತರಬೇತುಗಾರ ಹಳಬನ ಪಕ್ಕದಲ್ಲೇ ಎಳೆಯನನ್ನು ನಿಲ್ಲಿಸುತ್ತಾನೆ. ಎಲ್ಲಿ ನಿಲ್ಲಬೇಕೆಂಬ ವಿದ್ಯೆ ಪುಸ್ತಕದಿಂದ ಬರುವಂಥದಲ್ಲ. ನಿಂತವನ ಪಕ್ಕದಲ್ಲಿ ನಿಂತೇ ಅದನ್ನು ಕಲಿಯಬೇಕು. ನಾವು ಕೇಳಬೇಕಾದ ಪ್ರಶ್ನೆ "ಇವನಿಗೆ ವಯಸ್ಸೆಷ್ಟು?" ಎಂಬುದಲ್ಲ, "ಇವನು ಇಲ್ಲದಿದ್ದರೆ ಆ ಜಾಗದಲ್ಲಿ ಏನಾಗುತ್ತದೆ?" ಎಂಬುದು.

ಓದುಗರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಮುಂದಿನ ಬಾರಿ ಕಂಠೀರವ ಕ್ರೀಡಾಂಗಣಕ್ಕೋ ನಿಮ್ಮ ಬಡಾವಣೆಯ ಬಯಲಿಗೋ ಹೋದಾಗ ಐದೇ ಐದು ನಿಮಿಷ ಚೆಂಡನ್ನು ನೋಡಬೇಡಿ. ನಡುವಿನ ಒಬ್ಬನನ್ನು ಮಾತ್ರ ನೋಡಿ. ಅವನು ಎಷ್ಟು ಬಾರಿ ಕತ್ತು ತಿರುಗಿಸಿ ಸುತ್ತ ನೋಡುತ್ತಾನೆ, ಯಾರಿಗೆ ಕೈಸನ್ನೆ ಮಾಡುತ್ತಾನೆ, ತನ್ನವನೊಬ್ಬ ಮುಂದೆ ಓಡಿದಾಗ ಬರಿದಾದ ಜಾಗಕ್ಕೆ ಹೇಗೆ ಸರಿಯುತ್ತಾನೆ ಎಂಬುದನ್ನು ಎಣಿಸಿ. ಮೊದಮೊದಲು ಕಷ್ಟ; ಕಣ್ಣು ಚೆಂಡಿನತ್ತ ಓಡುತ್ತದೆ. ಪಟ್ಟು ಹಿಡಿದು ನೋಡಿದರೆ ಬೇರೆಯೇ ಒಂದು ಆಟ ಕಾಣುತ್ತದೆ.

ನಾನು ಆ ಭಾನುವಾರ ಹಾಗೆಯೇ ನೋಡಿದೆ. ಬಯಲಿನ ಆ ಹಳೆಯಾಳು ಐದು ನಿಮಿಷದಲ್ಲಿ ಚೆಂಡನ್ನು ಮುಟ್ಟಿದ್ದು ನಾಲ್ಕು ಬಾರಿ. ಎದುರಾಳಿಯ ದಾರಿಗೆ ಮುಂಚೆಯೇ ಹೋಗಿ ನಿಂತು ಅವನು ಬೇರೆ ದಾರಿ ಹಿಡಿಯುವಂತೆ ಮಾಡಿದ್ದು ಏಳು ಬಾರಿ. ಆ ಏಳಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಸ್ಸಿನಲ್ಲಿ ಪ್ರಶ್ನೆ ಕೇಳಿದ ಆ ಹುಡುಗ ಈಗ ಎಲ್ಲಿರುವನೋ ನಾನರಿಯೆ. ಅವನಿಗೂ ಈಗ ನಡುವಯಸ್ಸು ಸಮೀಪಿಸಿರಬೇಕು. ಈ ಮಾತು ಎಲ್ಲಿಯಾದರೂ ಅವನ ಕಣ್ಣಿಗೆ ಬಿದ್ದರೆ, ಅವನಿಗೆ ನನ್ನ ಉತ್ತರ ಇಷ್ಟೆ: ತಪ್ಪು ನಿನ್ನದಲ್ಲಪ್ಪ, ನಾನು ಚೆಂಡನ್ನು ನೋಡುತ್ತಿದ್ದೆ.